ತೆರೆಯ ಮೇಲಿನ ಹಳೆಯ ಹಾಳೆ: ಕಿರುತೆರೆಯಲ್ಲಿ ಕಾಣುವ ಕಾಮಿಕ್ಸ್ ಪತ್ರಿಕೆಗಳನ್ನು ಗುರುತಿಸುವ ಬಗೆ

ನಂಜನಗೂಡು ಸೀಮೆಯವರಲ್ಲಿ ಒಂದು ಅಭ್ಯಾಸವನ್ನು ಬಾಲ್ಯದಿಂದಲೂ ಕಂಡಿದ್ದೇನೆ. ಹಳೆಯ ಚಲನಚಿತ್ರವನ್ನೋ ಧಾರಾವಾಹಿಯನ್ನೋ ನೋಡುತ್ತಿರುವಾಗ, ಅದರೊಳಗಿನ ಮನೆಯ ಗೋಡೆಗೂಡಿನಲ್ಲಿ ನಂಜನಗೂಡು ಹಲ್ಲುಪುಡಿಯ ಪೊಟ್ಟಣ ಕಂಡುಬಿಟ್ಟರೆ ಸಾಕು, ಕತೆಯನ್ನು ಅಲ್ಲಿಗೇ ಬಿಟ್ಟು 'ಅಗೋ ನಮ್ಮೂರಿನ ಪುಡಿ' ಎಂದು ಕೈತೋರುತ್ತಾರೆ. ನಾಯಕಿ ಅಳುತ್ತಿದ್ದರೂ ಆ ಕ್ಷಣಕ್ಕೆ ಅದು ಅವರಿಗೆ ಮುಖ್ಯವಲ್ಲ. 1913ರಲ್ಲಿ ಬಿ.ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಆ ಪೊಟ್ಟಣ ಒಂದು ಊರಿನ ಗುರುತು. ನಿರ್ದೇಶಕ ತೋರಿಸಬೇಕೆಂದುಕೊಂಡದ್ದು ಒಂದಾದರೆ ನೋಡುಗನು ಕಂಡದ್ದು ಮತ್ತೊಂದು. ಈ ಎರಡರ ನಡುವಿನ ಅಂತರದಲ್ಲಿ ಜಾನಪದ ಅಧ್ಯಯನಕ್ಕೆ ಸಲ್ಲುವ ಸಾಮಗ್ರಿ ಸಾಕಷ್ಟಿದೆ ಎಂಬುದು ಪ್ರಸ್ತುತ ಲೇಖನದ ಹಿಂದಿರುವ ಗ್ರಹಿಕೆ.

ಬ್ರಿಟನ್ನಿನಲ್ಲಿ ಇದೇ ಬಗೆಯ ಅಭ್ಯಾಸವೊಂದು ಹವ್ಯಾಸಿ ವಿದ್ವತ್ತಿನ ಮಟ್ಟಕ್ಕೆ ಬೆಳೆದಿದೆ. ದೂರದರ್ಶನ ಕಾರ್ಯಕ್ರಮಗಳಲ್ಲಿ ಯಾವುದೋ ಹುಡುಗನ ಕೈಯಲ್ಲಿ, ಅಂಗಡಿಯ ಕಟ್ಟೆಯ ಮೇಲೆ ಅಥವಾ ರೈಲುಗಾಡಿಯ ಆಸನದ ಮೇಲೆ ಕ್ಷಣಕಾಲ ಕಾಣುವ ಹಳೆಯ ಕಾಮಿಕ್ಸ್ ಪತ್ರಿಕೆ ಯಾವುದು, ಯಾವ ವಾರದ ಸಂಚಿಕೆ ಎಂಬುದನ್ನು ಚಿತ್ರವನ್ನು ನಿಲ್ಲಿಸಿ ಹುಡುಕುವವರು ಅಲ್ಲಿದ್ದಾರೆ. ಮೇಲ್ನೋಟಕ್ಕೆ ಇದು ಬಿಡುವಿನ ಆಟವೆನಿಸಬಹುದು. ಆದರೆ ಮಕ್ಕಳು ಓದಿ ಹರಿದು ಎಸೆಯಲೆಂದೇ ಅಚ್ಚಾದ ಅಗ್ಗದ ಹಾಳೆಗಳು ಅವು. ಗ್ರಂಥಾಲಯಗಳು ಆದರಿಸದ, ರದ್ದಿಯವನು ತೂಕಕ್ಕೆ ಕೊಂಡೊಯ್ದ ಇಂಥ ವಸ್ತುವಿನ ಬಳಕೆಯ ಸಂದರ್ಭ ಉಳಿದುಕೊಂಡಿದ್ದರೆ ಅದು ಬಹುಮಟ್ಟಿಗೆ ಛಾಯಾಚಿತ್ರದಲ್ಲಿ ಅಥವಾ ತೆರೆಯ ಮೇಲೆ. ಪಠ್ಯ ಮಾತ್ರ ಸಾಲದು, ಸಂದರ್ಭವೂ ಬೇಕು ಎಂದು ನಾವು ಜಾನಪದರು ಪದೇ ಪದೇ ಹೇಳುತ್ತ ಬಂದಿರುವುದರಿಂದ ಈ ಆಟವನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕಾಗುತ್ತದೆ.

ಗುರುತಿಸುವ ಕೆಲಸಕ್ಕೆ ಮೊದಲು ಕಾಲದ ಒಂದು ಸ್ಥೂಲ ಚೌಕಟ್ಟು ಬೇಕು. 1890ರಲ್ಲಿ ಆರಂಭವಾದ 'ಕಾಮಿಕ್ ಕಟ್ಸ್' ಅರ್ಧ ಪೆನ್ನಿಯ ಪತ್ರಿಕೆ. 1914ರ 'ರೇನ್‌ಬೋ' ಮತ್ತು 1920ರ 'ಫಿಲ್ಮ್ ಫನ್' ಅದರ ಮುಂದಿನ ತಲೆಮಾರಿನವು. ಸ್ಕಾಟ್ಲೆಂಡಿನ ಡಂಡೀ ನಗರದ ಡಿ.ಸಿ. ಥಾಮ್ಸನ್ ಸಂಸ್ಥೆ 1937ರ ಡಿಸೆಂಬರ್ 4ರಂದು 'ಡ್ಯಾಂಡಿ'ಯನ್ನೂ 1938ರ ಜುಲೈ 30ರಂದು 'ಬೀನೋ'ವನ್ನೂ ಹೊರತಂದಿತು. 1950ರ ಏಪ್ರಿಲ್ 14ರಂದು ಬಂದ 'ಈಗಲ್' ದೊಡ್ಡ ಆಕಾರದ, ಹೊಳಪು ಬಣ್ಣಗಳ ಪತ್ರಿಕೆ. ಇವುಗಳ ಜೊತೆಗೆ, ಚಿತ್ರಕ್ಕಿಂತ ಕತೆಯೇ ಹೆಚ್ಚಾಗಿದ್ದ 'ಮ್ಯಾಗ್ನೆಟ್' (1908-1940) ಮೊದಲಾದ ಬಾಲಕರ ವಾರಪತ್ರಿಕೆಗಳನ್ನೂ ಸೇರಿಸಿಕೊಳ್ಳಬೇಕು. 'ಮ್ಯಾಗ್ನೆಟ್'ನ ಶಾಲೆಯಲ್ಲಿ ಭಾರತದಿಂದ ಬಂದ ಒಬ್ಬ ನವಾಬ ಹುಡುಗನೂ ಓದುತ್ತಿದ್ದನೆಂಬುದು ಪಕ್ಕಕ್ಕೆ ಹೇಳಬೇಕಾದ ಮಾತು.

ತೆರೆಯ ಮೇಲೆ ಪತ್ರಿಕೆಯ ಹೆಸರು ಓದಲು ಸಿಗುವುದು ಅಪರೂಪ. ಬ್ರಿಟನ್ನಿನ ಹಳೆಯ ಪ್ರಸಾರ 405 ಗೆರೆಗಳದ್ದಾಗಿತ್ತು. ಅದರಲ್ಲಿ ಸಣ್ಣ ಅಕ್ಷರಗಳು ಬರಿಯ ಕಲೆಗಳಾಗಿ ಕಾಣುತ್ತವೆ. ಆದ್ದರಿಂದ ಓದದೆಯೇ ಗುರುತಿಸುವುದನ್ನು ಕಲಿಯಬೇಕು. ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಆಕಾರ: ಓದುವವನ ಎದೆಯನ್ನು ಮುಚ್ಚುವಷ್ಟು ದೊಡ್ಡದೇ, ಮಡಿಲಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕದೇ? ಬಳಿಕ ಪುಟದ ಒಳಗಿನ ವಿನ್ಯಾಸ. ಹಳೆಯ ಕಾಮಿಕ್ಸ್‌ಗಳಲ್ಲಿ ಪ್ರತಿ ಚಿತ್ರದ ಅಡಿಯಲ್ಲಿ ಅಚ್ಚಿನ ಅಕ್ಷರಗಳ ಕಥನವಿರುತ್ತಿತ್ತು. ದೂರದಿಂದ ನೋಡಿದರೆ ಚಿತ್ರದ ಸಾಲಿನ ಕೆಳಗೆ ಬೂದುಬಣ್ಣದ ಪಟ್ಟಿ ಎಳೆದಂತೆ ಕಾಣುತ್ತದೆ. 'ಡ್ಯಾಂಡಿ' ಬಂದ ಮೇಲೆ ಈ ಪಟ್ಟಿ ಕ್ರಮೇಣ ಮರೆಯಾಗಿ, ಪಾತ್ರಗಳ ಬಾಯಿಂದಲೇ ಹೊರಡುವ ಮಾತಿನ ಗುಳ್ಳೆಗಳು ಪುಟವನ್ನು ತುಂಬಿದವು. ನಮ್ಮ ತೊಗಲುಗೊಂಬೆಯಾಟವನ್ನು ಬಲ್ಲವರಿಗೆ ಈ ವ್ಯತ್ಯಾಸ ಹೊಸದೇನಲ್ಲ. ಭಾಗವತನು ಕತೆಯನ್ನು ಹೊರಗಿನಿಂದ ಹೇಳುತ್ತಿರುವುದು ಬೇರೆ, ಗೊಂಬೆಯೇ ಮಾತಾಡುವುದು ಬೇರೆ.

ಮುಖಪುಟದ ನಾಯಕ ಮತ್ತೊಂದು ನಂಬಬಹುದಾದ ಸುಳಿವು. 'ಬೀನೋ'ದ ಮುಖಪುಟದಲ್ಲಿ 1948ರ ಆರಂಭದವರೆಗೆ ಬಿಗ್ ಎಗ್ಗೊ ಎಂಬ ಉಷ್ಟ್ರಪಕ್ಷಿ ಇತ್ತು. ಅಲ್ಲಿಂದ 1974ರವರೆಗೆ ಬಿಫೊ ಎಂಬ ಕರಡಿ. ಆ ಬಳಿಕ ಕೆಂಪು-ಕಪ್ಪು ಪಟ್ಟೆಯಂಗಿಯ ತುಂಟ ಹುಡುಗ ಡೆನಿಸ್. ಮಸುಕು ಚಿತ್ರದಲ್ಲಿಯೂ ಹಕ್ಕಿ, ಕರಡಿ, ಹುಡುಗ ಇವನ್ನು ಬೇರ್ಪಡಿಸಿ ಗುರುತಿಸಬಹುದು. ಬೆಲೆ ಕಂಡರಂತೂ ಇನ್ನೂ ಅನುಕೂಲ. 1971ರ ಫೆಬ್ರವರಿ 15ರಂದು ಬ್ರಿಟನ್ ದಶಮಾಂಶ ನಾಣ್ಯಪದ್ಧತಿಗೆ ಬದಲಾಯಿಸಿತು. ಅದಕ್ಕೆ ಮೊದಲು ಪೆನ್ನಿಯ ಗುರುತು 'ಡಿ' ಅಕ್ಷರ, ಆಮೇಲೆ 'ಪಿ'. ಒಂದು ಅಕ್ಷರದಿಂದ ಒಂದು ಕಾಲಘಟ್ಟ ನಿರ್ಧಾರವಾಗುತ್ತದೆ.

ಇದೇ ಕ್ರಮವನ್ನು ನಮ್ಮ ಪತ್ರಿಕೆಗಳಿಗೂ ಅನ್ವಯಿಸಬಹುದಾಗಿದೆ. ವಾಸ್ತವವಾಗಿ ನಮ್ಮಲ್ಲಿ ಸುಳಿವುಗಳು ಇನ್ನೂ ಹೆಚ್ಚು. ಬೆಲೆ ಆಣೆಯಲ್ಲಿ ಮಾತ್ರವಿದ್ದರೆ ಬಹುಮಟ್ಟಿಗೆ 1957ರ ಏಪ್ರಿಲ್‌ಗೆ ಮೊದಲಿನದು. 'ನಯಾ ಪೈಸೆ' ಎಂದಿದ್ದರೆ ಅಲ್ಲಿಂದ 1964ರ ನಡುವಿನದು. ಆ ವರ್ಷ 'ನಯಾ' ಎಂಬ ಮಾತನ್ನು ಕೈಬಿಡಲಾಯಿತು. ವಿಳಾಸದಲ್ಲಿ ಆರು ಅಂಕಿಗಳ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್ 1ಕ್ಕೆ ಹಿಂದಿನದು. ಮಕ್ಕಳ ಓದಿನ ಚರಿತ್ರೆಯಲ್ಲಿಯೂ ಕೆಲವು ಮೈಲಿಗಲ್ಲುಗಳಿವೆ. ಕನ್ನಡ 'ಚಂದಮಾಮ' 1949ರಲ್ಲಿ ಬಂದಿತು. 'ಇಂದ್ರಜಾಲ ಕಾಮಿಕ್ಸ್' 1964ರ ಮಾರ್ಚಿನಲ್ಲಿ ಫ್ಯಾಂಟಮ್‌ನ ಸಾಹಸದೊಂದಿಗೆ ಇಂಗ್ಲಿಷಿನಲ್ಲಿ ಆರಂಭವಾಗಿ 1990ರಲ್ಲಿ ನಿಂತಿತು. ಅದು ಕನ್ನಡದಲ್ಲಿಯೂ ಪ್ರಕಟವಾಗಿತ್ತು. 'ಅಮರ ಚಿತ್ರ ಕಥೆ'ಯ ಬೇರು ಇರುವುದು ಬೆಂಗಳೂರಿನ ಕನ್ನಡ ಪುಸ್ತಕಗಳಲ್ಲಿ ಎಂಬುದನ್ನು ನಾವೇ ಮರೆತಂತಿದೆ. ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರು 1965ರಲ್ಲಿ ಪಾಶ್ಚಾತ್ಯ ಕಿನ್ನರಕತೆಗಳ ಹತ್ತು ಸಚಿತ್ರ ಪುಸ್ತಕಗಳನ್ನು ಕನ್ನಡದಲ್ಲಿ ತಂದರು. ಅನಂತ ಪೈ ಅವರ 'ಕೃಷ್ಣ' ಮಾಲೆಯ ಹನ್ನೊಂದನೆಯ ಸಂಖ್ಯೆಯಾಗಿ ಬಂದುದಕ್ಕೆ ಆ ಹತ್ತು ಪುಸ್ತಕಗಳೇ ಕಾರಣ.

ಹೀಗೆ ಗುರುತಿಸಿದ ಮೇಲೆ ಏಳುವ ಪ್ರಶ್ನೆ ಹೆಚ್ಚು ಮುಖ್ಯವಾದುದು. ಆ ಹಾಳೆ ಅಲ್ಲಿಗೆ ತಾನಾಗಿ ಬಂದದ್ದೇ, ಯಾರಾದರೂ ತಂದಿಟ್ಟದ್ದೇ? ಎರಡಕ್ಕೂ ಒಂದೊಂದು ನಿದರ್ಶನವನ್ನು ಕೊಡಬಹುದು. 1966ರಲ್ಲಿ ಹೊರಬಂದ ಜಾನ್ ಮಯಾಲ್ ತಂಡದ ಗಾನಮುದ್ರಿಕೆಯ ಹೊದಿಕೆಯ ಮೇಲೆ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ 'ಬೀನೋ' ಓದುತ್ತ ಕುಳಿತಿದ್ದಾನೆ. ಅದು 1966ರ ಮೇ 7ರ ಸಂಚಿಕೆಯೆಂದು ಗುರುತಿಸಲಾಗಿದೆ. ಆ ವಾರ ಅಂಗಡಿಯಲ್ಲಿ ಸಿಗುತ್ತಿದ್ದ ಪತ್ರಿಕೆ ಆತನ ಕೈಯಲ್ಲಿದೆ. ಆದ್ದರಿಂದ ಪತ್ರಿಕೆಯೇ ಛಾಯಾಚಿತ್ರದ ಕಾಲಕ್ಕೆ ಸಾಕ್ಷಿಯಾಗುತ್ತದೆ. ಇದಕ್ಕೆ ಪ್ರತಿಯಾಗಿ, 2013ರ ಏಪ್ರಿಲ್‌ನಲ್ಲಿ ಪ್ರಸಾರವಾದ 'ಡಾಕ್ಟರ್ ಹೂ' ಧಾರಾವಾಹಿಯ ಕಂತೊಂದರ ಆರಂಭದ ದೃಶ್ಯ 1981ರಲ್ಲಿ ನಡೆಯುತ್ತದೆ. ಅಲ್ಲಿ ನಾಯಕನು ಮುಖ ಮರೆಸಿಕೊಳ್ಳಲು ಹಿಡಿದಿರುವುದು 1981ರ 'ಬೀನೋ' ಬೇಸಗೆ ವಿಶೇಷಾಂಕ. ಕಾಲಕ್ಕೆ ತಪ್ಪದ ಆಯ್ಕೆಯೇನೋ ಸರಿ. ಆದರೆ ಆ ಪತ್ರಿಕೆ 1981ರ ಬಗ್ಗೆ ಏನನ್ನೂ ಸಾಬೀತುಪಡಿಸುವುದಿಲ್ಲ. 2013ರ ಜನ 1981ನ್ನು ಹೇಗೆ ನೆನೆಯಲು ಬಯಸಿದರು ಎಂಬುದನ್ನು ಮಾತ್ರ ಹೇಳುತ್ತದೆ. ಮೊದಲನೆಯದು ಸಾಕ್ಷ್ಯ, ಎರಡನೆಯದು ಸ್ಮರಣೆ. ಸಂಶೋಧಕನು ಇವೆರಡನ್ನು ಕಲಸಿಬಿಟ್ಟರೆ ಅಪಾಯ.

ಕಾಲಕ್ಕೆ ಹೊಂದದ ವಸ್ತು ತೆರೆಯ ಮೇಲೆ ಕಂಡಾಗ ಪತ್ರಿಕೆಯ ವಿಮರ್ಶಕರು ಅದನ್ನು ಪ್ರಮಾದವೆಂದು ಎತ್ತಿ ಆಡುತ್ತಾರೆ. ನನ್ನ ನಿಲುವು ಬೇರೆ. ನಮ್ಮ ಸೀಮೆಯ ಕಂಸಾಳೆಯವರು ಮಾದಪ್ಪನ ಕತೆಯ ನಡುವೆ ಮೋಟಾರನ್ನೋ ಪೊಲೀಸರನ್ನೋ ತಂದುಬಿಡುವುದನ್ನು ಕೇಳಿದ್ದೇನೆ. ಅದನ್ನು ನಾವು ತಪ್ಪೆಂದು ಅಳಿಸುವುದಿಲ್ಲ. ಈ ಹಾಡಿಕೆ ಯಾವ ಕಾಲದ್ದು ಎಂದು ತಿಳಿಯಲು ಅದನ್ನೇ ಹಿಡಿಯುತ್ತೇವೆ. ತೆರೆಯ ಮೇಲಿನ ಕಾಲವಿಪರ್ಯಾಸವೂ ಅಷ್ಟೆ. ಅದು ಕತೆಯ ಕಾಲವನ್ನು ಕೆಡಿಸಬಹುದು, ಚಿತ್ರೀಕರಣದ ಕಾಲವನ್ನು ಮಾತ್ರ ನಿಚ್ಚಳವಾಗಿ ತೋರಿಸುತ್ತದೆ.

ಕರ್ನಾಟಕದ ಮಟ್ಟಿಗೆ ಈ ಚರ್ಚೆಗೆ ಒದಗುವ ಅತ್ಯಂತ ಸೂಕ್ತ ನಿದರ್ಶನ 'ಮಾಲ್ಗುಡಿ ಡೇಸ್'. ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ ಈ ಮಾಲಿಕೆ 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ಅದರಲ್ಲಿ ಬರುವ ಸ್ವಾಮಿಯ ಕತೆಗಳ ಮೂಲವಾದ ಆರ್.ಕೆ. ನಾರಾಯಣರ ಕಾದಂಬರಿ ಪ್ರಕಟವಾದುದು 1935ರಲ್ಲಿ, ಕತೆ ನಡೆಯುವುದು 1930ರಲ್ಲಿ. ಪೊಲೀಸ್ ಅಧಿಕಾರಿಯ ಮಗನಾದ ರಾಜಮ್‌ನ ಕೋಣೆಯಲ್ಲಿ ಒಂದು ಇಂಗ್ಲಿಷ್ ಕಾಮಿಕ್ಸ್ ಇಡಬೇಕೆಂದು ಕಲಾನಿರ್ದೇಶಕನೊಬ್ಬ ನಮ್ಮನ್ನು ಕೇಳಿದನೆಂದು ಭಾವಿಸೋಣ. 'ಬೀನೋ' ಸಲ್ಲದು, ಅದಿನ್ನೂ ಹುಟ್ಟಿಲ್ಲ. 'ಈಗಲ್' ಅಂತೂ ಬಹುದೂರ. 'ರೇನ್‌ಬೋ' ಸಲ್ಲುತ್ತದೆ, 'ಮ್ಯಾಗ್ನೆಟ್' ಇನ್ನೂ ಚೆನ್ನಾಗಿ ಸಲ್ಲುತ್ತದೆ.

ಇದು ಕೇವಲ ಕಲ್ಪನೆಯ ಲೆಕ್ಕವಲ್ಲ. ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ನಾರಾಯಣರ ತಂದೆಯ ಮೂಲಕ, ಶಾಲೆಯ ಗ್ರಂಥಾಲಯಕ್ಕೆ ಬರುತ್ತಿದ್ದ 'ಬಾಯ್ಸ್ ಓನ್ ಪೇಪರ್', 'ಸ್ಟ್ರ್ಯಾಂಡ್' ಮೊದಲಾದ ಬ್ರಿಟಿಷ್ ಪತ್ರಿಕೆಗಳು ಮಕ್ಕಳ ಕೈ ಸೇರುತ್ತಿದ್ದವೆಂಬುದನ್ನು ನಾರಾಯಣರ ಆತ್ಮಕಥನದಿಂದ ತಿಳಿಯಬಹುದು. ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಓದು ಕಲಿಯುವ ಮೊದಲೇ 'ಸ್ಟ್ರ್ಯಾಂಡ್', 'ಪಂಚ್', 'ಟಿಟ್-ಬಿಟ್ಸ್' ಇವುಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದವರು. ಮುಂದೆ ಅವರು ಡಾ. ಎಂ. ಶಿವರಾಂ (ರಾಶಿ) ಅವರು 1942ರಲ್ಲಿ ಆರಂಭಿಸಿದ 'ಕೊರವಂಜಿ'ಗೆ ವ್ಯಂಗ್ಯಚಿತ್ರಗಳನ್ನು ಬರೆದರು. ಬುಟ್ಟಿ ಹೊತ್ತು ಕಣಿ ಹೇಳುವ ನಮ್ಮ ಜನಪದ ಹೆಣ್ಣಿನ ಹೆಸರನ್ನು ಹೊತ್ತ ಪತ್ರಿಕೆಯಲ್ಲಿ ಲಂಡನ್ನಿನ ಪತ್ರಿಕೆಗಳನ್ನು ನೋಡಿ ಪಳಗಿದ ಕಣ್ಣು ಕೆಲಸ ಮಾಡಿತು. ದಶಕಗಳ ನಂತರ 'ಮಾಲ್ಗುಡಿ ಡೇಸ್'ನ ಶೀರ್ಷಿಕೆಯಲ್ಲಿ ನಾವು ಕಂಡದ್ದು ಅದೇ ಲಕ್ಷ್ಮಣರ ರೇಖೆಗಳನ್ನು. ಹಳೆಯ ಬ್ರಿಟಿಷ್ ಪತ್ರಿಕೆಯು ಕಿರುತೆರೆಯಲ್ಲಿ ಕಾಣಿಸಿಕೊಳ್ಳುವ ಮೂರನೆಯ ಬಗೆ ಇದು: ಹಾಳೆ ಕಾಣದು, ಹಾಳೆಯಿಂದ ಕಲಿತ ಗೆರೆ ಕಾಣುತ್ತದೆ. ಹುಡುಕುವವರು ಈ ಬಗೆಯನ್ನು ಸಾಮಾನ್ಯವಾಗಿ ಪಟ್ಟಿಗೆ ಸೇರಿಸುವುದಿಲ್ಲ. ಸೇರಿಸಬೇಕೆಂಬುದು ನನ್ನ ಅಭಿಪ್ರಾಯ.

ತೆರೆಯೂ ಶಾಶ್ವತವಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಬಿಬಿಸಿ ಸಂಸ್ಥೆಯು 1970ರ ದಶಕದವರೆಗೂ ತನ್ನ ಎಷ್ಟೋ ಕಾರ್ಯಕ್ರಮಗಳ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿತು. ಅವುಗಳೊಂದಿಗೆ ಅವುಗಳೊಳಗಿದ್ದ ಬೀದಿ, ಅಂಗಡಿ, ಪತ್ರಿಕೆಗಳೂ ಹೋದವು. ನಮ್ಮ ಕ್ಷೇತ್ರಕಾರ್ಯದ ಧ್ವನಿಸುರುಳಿ, ವೀಡಿಯೋಗಳ ಸ್ಥಿತಿಯನ್ನು ಬಲ್ಲವರು ಅವರನ್ನು ನೋಡಿ ನಗಲಾರರು. ಈ ಮಾತಿನಿಂದ ನನ್ನದೇ ಒಂದು ಲೋಪಕ್ಕೆ ಬರುತ್ತೇನೆ.

2004ರಲ್ಲಿ, ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, ತಿರುಮಕೂಡಲು ನರಸೀಪುರ ತಾಲ್ಲೂಕಿನ ಹೊಳೆದಂಡೆಯ ಒಂದು ಹಳ್ಳಿಯಲ್ಲಿ ದೇವರಗುಡ್ಡರೊಬ್ಬರು ಹಾಡಿದ ಸಂಕಮ್ಮನ ಸಾಲನ್ನು ವೀಡಿಯೋದಲ್ಲಿ ದಾಖಲಿಸಿಕೊಂಡೆ. ಹಾಡುಗಾರರ ಹೆಸರು, ಗುರುಪರಂಪರೆ, ವಾದ್ಯ, ಹಿಮ್ಮೇಳ ಎಲ್ಲವನ್ನೂ ಟಿಪ್ಪಣಿ ಮಾಡಿದ್ದೆ. ಅವರು ಒರಗಿ ಕುಳಿತಿದ್ದ ಗೋಡೆಯ ಬಗ್ಗೆ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಹದಿನಾಲ್ಕು ವರ್ಷಗಳ ಬಳಿಕ ಆ ಸುರುಳಿಯನ್ನು ಗಣಕಕ್ಕೆ ಇಳಿಸಿ ಮನೆಯ ಟೀವಿಯಲ್ಲಿ ನೋಡುತ್ತಿದ್ದಾಗ, ನನ್ನ ಮಗಳು ಹಾಡನ್ನು ಬಿಟ್ಟು 'ಅಪ್ಪಾ, ಅಲ್ಲಿ ಕಾಮಿಕ್ಸ್ ಇದೆ' ಎಂದಳು. ನಿಜ. ಹಾಡುಗಾರರ ಭುಜದ ಹಿಂದೆ, ಮಣ್ಣಿನ ಗೋಡೆಗೆ ಬಣ್ಣದ ಚೌಕಗಳ ಹಾಳೆಯೊಂದನ್ನು ಅಂಟಿಸಿತ್ತು.

ಚಿತ್ರವನ್ನು ನಿಲ್ಲಿಸಿ ನೋಡಿದೆ. ಕುದುರೆ, ಅದರ ಮೇಲೊಬ್ಬ ಸವಾರ, ಒಂದು ಚೌಕದಲ್ಲಿ ಸಾಹೇಬರ ಟೋಪಿ ಧರಿಸಿದವರು. ನಾನು ಅವಸರದಿಂದ ಅದನ್ನು ಹಳೆಯ ಬ್ರಿಟಿಷ್ ಬಾಲಕರ ಪತ್ರಿಕೆಯೆಂದು ಬರೆದಿಟ್ಟುಕೊಂಡೆ. ಮೈಸೂರಿನ ಯಾವುದೋ ಬಂಗಲೆಯಿಂದ ರದ್ದಿಯ ಮೂಲಕ ಹೊಳೆದಂಡೆಗೆ ಬಂದಿರಬೇಕೆಂದು ಒಂದು ಕತೆಯನ್ನೂ ಹೆಣೆದೆ. ಆ ಕತೆ ಚೆನ್ನಾಗಿತ್ತು, ನಿಜವಾಗಿರಲಿಲ್ಲ. ಹಾಡುಗಾರರು ತಾಳಕ್ಕೆ ಮುಂದೆ ಬಾಗಿದ ಇನ್ನೊಂದು ಕ್ಷಣದಲ್ಲಿ ಹಾಳೆಯ ಕೆಳಭಾಗ ತೆರವಾಗಿತ್ತು. ಮಾತಿನ ಗುಳ್ಳೆಗಳೊಳಗಿನ ಅಕ್ಷರಗಳನ್ನು ಓದಲಾಗದಿದ್ದರೂ ಅವು ರೋಮನ್ ಲಿಪಿಯ ನೆಟ್ಟಗಿನ ಗೀಟುಗಳಾಗಿರಲಿಲ್ಲ. ಕನ್ನಡದ ದುಂಡು, ತಲೆಕಟ್ಟು ಕಾಣುತ್ತಿದ್ದವು. ಸವಾರನ ಮುಖಕ್ಕೆ ಮುಖವಾಡವಿತ್ತು; ಕುದುರೆಯ ಪಕ್ಕದಲ್ಲಿ ತೋಳವೊಂದು ಓಡುತ್ತಿತ್ತು. ಅದು ಫ್ಯಾಂಟಮ್. ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ನಾಯಕ. ಪಕ್ಕದ ತುಂಡುಹಾಳೆಯ ಜಾಹೀರಾತಿನಲ್ಲಿ 'ಬೆಂಗಳೂರು' ಎಂಬುದರ ಮುಂದೆ ಉದ್ದನೆಯ ಅಂಕಿಗಳಿದ್ದವು, ಅಂದರೆ ಪಿನ್‌ಕೋಡ್. ಹೀಗೆ ಗೋಡೆಯ ಹಾಳೆಗಳು 1972ರ ನಂತರದ ಕಂತೆಯೊಂದರಿಂದ ಬಂದವೆಂದು ಊಹಿಸಲು ಅವಕಾಶವಾಯಿತು. ಬಂಗಲೆಯ ಕತೆಯನ್ನು ಹೊಡೆದುಹಾಕಿದೆ. ನನಗೆ ಬೇಕಾದುದನ್ನೇ ತೆರೆಯ ಮೇಲೆ ಕಂಡಿದ್ದೆ. ಈ ಕೆಲಸದಲ್ಲಿ ತೊಡಗುವವರು ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದುದು ಇಲ್ಲಿಯೇ.

ನಿಲ್ಲಿಸಿದ ಚಿತ್ರದ ಮುದ್ರಣವನ್ನು ಹಿಡಿದು ಆ ಊರಿಗೆ ಮತ್ತೆ ಹೋದೆ. ಹಾಡುಗಾರರು ತೀರಿಕೊಂಡಿದ್ದರು. ಮಣ್ಣಿನ ಗೋಡೆಯಿದ್ದ ಕಡೆ ಸಿಮೆಂಟಿನ ಗೋಡೆ ಎದ್ದಿತ್ತು, ಅದಕ್ಕೆ ತಿಳಿಹಸಿರು ಬಣ್ಣ. ಅವರ ಹೆಂಡತಿ, ಎಂಬತ್ತರ ಸಮೀಪದ ಮುದುಕಿ, ಜಗಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಹಾಳೆಯನ್ನು ಯಾಕೆ ಅಂಟಿಸಿದ್ದಿರಿ ಎಂದು ಕೇಳಿದೆ. ಗೋಡೆಯ ಮಣ್ಣು ಉದುರಿ ಬಟ್ಟೆಗೆ ಮೆತ್ತುತ್ತಿತ್ತು, ಮೈಸೂರಿನಲ್ಲಿ ಪೇಪರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಮೈದುನ ಒಂದು ಕಂತೆ ತಂದುಕೊಟ್ಟಿದ್ದ, ರಾಗಿ ಅಂಬಲಿಯಲ್ಲಿ ಅಂಟಿಸಿದೆವು ಎಂದರು. ಅಷ್ಟೇ ಆಗಿದ್ದರೆ ಇದನ್ನು ವಸ್ತುಸಂಸ್ಕೃತಿಯ ಒಂದು ಸಣ್ಣ ಟಿಪ್ಪಣಿಯಾಗಿ ಮುಗಿಸಬಹುದಿತ್ತು.

ಆದರೆ ಅವರು ಮುದ್ರಣವನ್ನು ಕೈಗೆ ತೆಗೆದುಕೊಂಡು, ತಮ್ಮ ಯಜಮಾನರ ಮುಖವನ್ನು ಒಮ್ಮೆ ಬೆರಳಿನಿಂದ ಸವರಿ, ಆಮೇಲೆ ಅದರ ಹಿಂದಿನ ಸವಾರನನ್ನು ತೋರಿಸಿದರು. 'ಇವ ನೀಲೇಗೌಡ ಕಪ್ಪ. ಕಾಡ್ಗೆ ಹೊಂಟವ್ನೆ ನೋಡು, ನಾಯಿ ಕಟ್ಕೊಂಡು. ಮೊಕ ಮುಚ್ಕೊಂಡವ್ನೆ, ಹೆಂಡ್ರು ಮೇಲೆ ಅನ್ಮಾನ ಅವ್ನ್ಗೆ' ಎಂದರು. ಅಕ್ಷರ ಬಾರದ ಅವರು ಗುಳ್ಳೆಗಳೊಳಗಿನ ಮಾತನ್ನು ಎಂದೂ ಓದಿರಲಿಲ್ಲ. ತೋಳವನ್ನು ಬೇಟೆನಾಯಿಯೆಂದೂ ಮುಖವಾಡವನ್ನು ಗಂಡನ ಅನುಮಾನವೆಂದೂ ತಿಳಿದು, ಸಂಕಮ್ಮನನ್ನು ಕಟ್ಟಿಹಾಕಿ ಬೇಟೆಗೆ ಹೊರಟ ನೀಲೇಗೌಡನ ಕತೆಯನ್ನು ಆ ಹಾಳೆಯ ಮುಂದೆ ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದರು. ಸಾಹೇಬರ ಟೋಪಿಯವರು ಯಾರವ್ವ ಎಂದರೆ, 'ಅವ್ರು ಫಾರೆಸ್ಟ್‌ನೋರು' ಎಂದು ತಡವಿಲ್ಲದೆ ಉತ್ತರಿಸಿದರು. ಅವರ ಯಜಮಾನರು ಅದೇ ಸಾಲನ್ನು ನನ್ನ ವೀಡಿಯೋದಲ್ಲಿ ಹಾಡುತ್ತಿದ್ದಾಗ, ಅದರ ಮತ್ತೊಂದು ಪಾಠ ಅವರ ಬೆನ್ನ ಹಿಂದೆಯೇ ಗೋಡೆಯ ಮೇಲಿತ್ತು. ಅದನ್ನು ಹೇಳಬಲ್ಲವರು ಅಡುಗೆಮನೆಯಲ್ಲಿದ್ದರು. ನಾನು ಅಂದು ಅವರ ಹೆಸರನ್ನೂ ಕೇಳಿರಲಿಲ್ಲ.

ಆ ಮಧ್ಯಾಹ್ನ ಅವರ ಕತೆಯನ್ನು ಧ್ವನಿಮುದ್ರಿಸಿಕೊಂಡೆ. ನಲವತ್ತು ನಿಮಿಷಗಳಿಗೆ ಸ್ವಲ್ಪ ಹೆಚ್ಚು. ಸಂಕಮ್ಮನನ್ನು ಕಟ್ಟಿಹಾಕುವ ಭಾಗ ಅವರ ಬಾಯಲ್ಲಿ ಯಜಮಾನರ ಹಾಡಿಗಿಂತ ದೀರ್ಘವಾಗಿದೆ, ನೀಲೇಗೌಡನ ಬೇಟೆ ನಾಲ್ಕೇ ಮಾತಿನಲ್ಲಿ ಮುಗಿಯುತ್ತದೆ. ನನ್ನ ದಾಖಲೆಯ ಪಟ್ಟಿಯಲ್ಲಿ ಆ ಹಾಳೆಗೆ ಈಗ ಎರಡು ಸಂಖ್ಯೆಗಳಿವೆ: ಒಂದು ಮುದ್ರಿತ ಸಾಮಗ್ರಿಯ ಕೆಳಗೆ, ಇನ್ನೊಂದು ಸಂಕಮ್ಮನ ಸಾಲಿನ ಪಾಠಾಂತರಗಳ ಕೆಳಗೆ.